ಡಾರ್ಟ್‌ಮೂರ್‌ನಲ್ಲಿ ದೆವ್ವ ಬಿಯರ್ ಕುಡೀತಂತೆ, ಹೌದಾ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಂಚಿಕೇಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಗ್ಗೆ ಎರಡೇ ಎರಡು ಸಾಲು ಹಾಕಿದ್ವಿ, ಅಷ್ಟಕ್ಕೇ ಪ್ರಶ್ನೆಗಳು ಸುರಿದಿವೆ. ಆದಷ್ಟಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಡಾರ್ಟ್‌ಮೂರ್ ಅಂದ್ರೆ ಕಾಡಾ, ಬೆಟ್ಟಾನಾ?

ಎರಡೂ ಅಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೇಲಿರೋ ಡೆವನ್ ಕೌಂಟಿಯ ಎತ್ತರದ ಬಯಲು ಅದು, ಹುಲ್ಲು, ಕುರುಚಲು ಗಿಡ, ಕಾಲಿಟ್ರೆ ಹೂತುಹೋಗೋ ಜೌಗು, ಗುಡ್ಡದ ನೆತ್ತಿ ಮೇಲೆ ಯಾರೋ ಪೇರಿಸಿಟ್ಟ ಹಾಗೆ ಕಾಣೋ ಗ್ರಾನೈಟ್ ಬಂಡೆಗಳು (ಅಲ್ಲಿನೋರು ಇದಕ್ಕೆ ಟಾರ್ ಅಂತಾರೆ). 1951ರಿಂದ ನ್ಯಾಷನಲ್ ಪಾರ್ಕ್, ವಿಸ್ತೀರ್ಣ 954 ಚದರ ಕಿಲೋಮೀಟರ್. ಹಿಂದೆ ಅಲ್ಲಿ ಮರ ಚೆನ್ನಾಗೇ ಇದ್ವು, ಸಾವಿರಾರು ವರ್ಷ ಜನ ಕಡಿದು, ಸುಟ್ಟು, ದನಕುರಿ ಮೇಯಿಸಿ ಬೋಳು ಮಾಡಿದ್ರು. ಈಗ ಟೂರಿಸ್ಟುಗಳು ಅದನ್ನೇ ನೋಡಿ ಆಹಾ ಎಂಥಾ ಪ್ರಕೃತಿ ಅಂತಾರೆ!

ಪ್ರಶ್ನೆ: ಅಂಥ ಜಾಗದಲ್ಲಿ ಹಿಂದೆ ಯಾರು ವಾಸ ಮಾಡ್ತಿದ್ರು?

ಕಂಚಿನ ಯುಗದ ರೈತರು. ಗ್ರಿಮ್ಸ್‌ಪೌಂಡ್ ಅಂತ ಒಂದು ಜಾಗ ಇದೆ, ದಪ್ಪ ಕಲ್ಲುಗೋಡೆಯ ಆವರಣದೊಳಗೆ 24 ಗುಂಡು ಮನೆಗಳ ತಳಪಾಯ ಇವತ್ತಿಗೂ ಕಾಣುತ್ತೆ. 1894ರಲ್ಲಿ ಅಲ್ಲಿ ಅಗೆದು ನೋಡಿದ್ರು. ನನಗೆ ಕೇಳಿದ್ರೆ ಅದಕ್ಕಿಂತ ದೊಡ್ಡ ವಿಷಯ ಅಂದ್ರೆ 2011ರಲ್ಲಿ ವೈಟ್‌ಹಾರ್ಸ್ ಹಿಲ್‌ನಲ್ಲಿ ತೆರೆದ ಒಂದು ಪುಟ್ಟ ಕಲ್ಲಿನ ಪೆಟ್ಟಿಗೆ. ಒಳಗೆ ಸುಟ್ಟ ಮೂಳೆ, ಅದನ್ನ ಸುತ್ತಿದ್ದು ಕರಡಿ ಚರ್ಮದಲ್ಲಿ, ಜೊತೆಗೆ ಹೆಣೆದ ಬುಟ್ಟಿ, ಅಂಬರ್ ಮಣಿ, ಒಂದು ತವರದ ಮಣಿ, ಮರದಲ್ಲಿ ಕಡೆದ ಗುಂಡಿಗಳು, ಅವು ಕಿವಿಗೆ ಹಾಕ್ಕೊಳ್ಳೋದಿರಬೇಕು ಅಂತಾರೆ. ಹತ್ರಹತ್ರ 3,700 ವರ್ಷದ ಹಿಂದಿನದು. ಚರ್ಮ, ಮರ, ನಾರು ಎಲ್ಲ ಕೊಳೆತು ಹೋಗಬೇಕಿತ್ತಲ್ವಾ? ಹೋಗಲಿಲ್ಲ, ಯಾಕಂದ್ರೆ ಅದು ಪೀಟ್ ಮಣ್ಣಿನಲ್ಲಿ ಹೂತಿತ್ತು, ಸದಾ ನೀರು ತುಂಬಿರೋ ಹುಳಿ ಮಣ್ಣು, ಗಾಳಿ ಆಡಲ್ಲ, ಕೊಳೆಸೋ ಜೀವಿಗಳಿಗೆ ಅಲ್ಲಿ ಕೆಲಸ ಆಗಲ್ಲ.

ಪ್ರಶ್ನೆ: ದೆವ್ವ ಬಂದು ಚರ್ಚಿನ ಗೋಪುರ ಬೀಳಿಸ್ತು ಅಂತ ಓದಿದೆ. ಬರೀ ಕಟ್ಟುಕತೆನಾ?

ದೆವ್ವದ್ದು ಕತೆ, ಗೋಪುರದ್ದು ನಿಜ. 1638ರ ಅಕ್ಟೋಬರ್ 21, ಭಾನುವಾರ ಮಧ್ಯಾಹ್ನ ವೈಡ್‌ಕೂಂಬ್ ಊರಿನ ಚರ್ಚಲ್ಲಿ ಜನ ಪ್ರಾರ್ಥನೆಗೆ ಸೇರಿದ್ರು, ಹೊರಗೆ ಕಗ್ಗತ್ತಲೆ ಕವಿದು ಗುಡುಗು ಶುರುವಾಯ್ತು, ಇದ್ದಕ್ಕಿದ್ದಂಗೆ ಬೆಂಕಿ ಉಂಡೆ ಒಂದು ಒಳಗೆ ನುಗ್ತು, ಗೋಪುರದ ಮೇಲಿನ ಕಲ್ಲಿನ ಶಿಖರ ಛಾವಣಿ ಒಡ್ಕೊಂಡು ಬಿತ್ತು. ನಾಲ್ಕು ಜನ ಸತ್ರು, ಸುಮಾರು 60 ಜನಕ್ಕೆ ಗಾಯ. ಗುಂಡು ಸಿಡಿಲಿನ (ಬೆಂಕಿ ಉಂಡೆ ಹಾಗೆ ಕಾಣೋ ಸಿಡಿಲು, ಬಾಲ್ ಲೈಟ್ನಿಂಗ್ ಅಂತಾರೆ) ಹಳೇ ದಾಖಲೆಗಳಲ್ಲಿ ಇದೂ ಒಂದು ಅಂತ ಈಗ ಲೆಕ್ಕ.

ಊರಿನೋರು ಬರೀ ಸಿಡಿಲಿಗೆ ಒಪ್ಪಲಿಲ್ಲ ನೋಡಿ. ಅವತ್ತು ಪೌಂಡ್ಸ್‌ಗೇಟ್‌ನ ಹೆಂಡದಂಗಡಿ ಮುಂದೆ ಕಪ್ಪು ಬಟ್ಟೆಯವನೊಬ್ಬ ಕುದುರೆ ನಿಲ್ಲಿಸಿ ಬಿಯರ್ ಕೇಳಿದ್ನಂತೆ, ಗಂಟಲಿಗೆ ಇಳೀತಿದ್ದಂಗೆ ಅದು ಚುಂಯ್ ಅಂತಂತೆ, ಅವನು ಕೊಟ್ಟ ಚಿನ್ನದ ನಾಣ್ಯ ಆಮೇಲೆ ನೋಡಿದ್ರೆ ಒಣಗಿದ ಎಲೆ! ಚರ್ಚಲ್ಲಿ ಇಸ್ಪೀಟು ಎಲೆ ಕೈಲಿ ಹಿಡ್ಕೊಂಡೇ ನಿದ್ದೆ ಹೊಡೀತಿದ್ದ ಜಾನ್ ರೆನಾಲ್ಡ್ಸ್ ಅನ್ನೋ ಜೂಜುಕೋರನ್ನ ಎತ್ತಾಕ್ಕೊಂಡು ಹೋಗೋಕೆ ಬಂದಿದ್ದಂತೆ ಸೈತಾನ. ಹಾರಿಕೊಂಡು ಹೋಗುವಾಗ ರೆನಾಲ್ಡ್ಸ್ ಕೈಯಿಂದ ನಾಲ್ಕು ಎಕ್ಕ ಉದುರಿದ ಜಾಗ ಬರ್ಚ್ ಟಾರ್ ಹತ್ರ ಇದೆ ಅಂತ ತೋರಿಸ್ತಾರೆ, ಅಸಲಿಗೆ ಅವು ಕಲ್ಲುಗೋಡೆ ಕಟ್ಟಿದ ನಾಲ್ಕು ಹಳೇ ಹೊಲ. ಸಾವಿಗೆ ಕಾರಣ ಬೇಕು, ಕಾರಣಕ್ಕೆ ಒಬ್ಬ ಪಾಪಿ ಬೇಕು, ಜೂಜುಕೋರ ಸಿಕ್ಕ. ಪಾಪ, ಸತ್ತ ನಾಲ್ಕು ಜನ ಏನ್ ಮಾಡಿದ್ರು ಅಂತ ಕತೆ ಹೇಳಲ್ಲ.

ಪ್ರಶ್ನೆ: ಡಾರ್ಟ್‌ಮೂರ್‌ನ ಮೆರಿವೇಲ್ ಅನ್ನೋ ಜಾಗದ ಕಲ್ಲಿನ ಸಾಲುಗಳು ಯಾಕೆ ನೆಟ್ಟಿದ್ದು?

ಅಂತ್ಯಕ್ರಿಯೆ, ಪೂಜೆ, ಮೆರವಣಿಗೆ ಅಂತ ಒಬ್ಬೊಬ್ಬ ವಿದ್ವಾಂಸರದ್ದು ಒಂದೊಂದು ವಾದ, ಯಾವುದೂ ಇತ್ಯರ್ಥ ಆಗಿಲ್ಲ. ಅದರ ಪಕ್ಕದ ಕತೆ ಚೆನ್ನಾಗಿದೆ: 1625ರಲ್ಲಿ ಟ್ಯಾವಿಸ್ಟಾಕ್ ಪೇಟೆಗೆ ಪ್ಲೇಗ್ ಬಂದಾಗ ಹಳ್ಳಿಯೋರು ದವಸಧಾನ್ಯ ತಂದು ಇಲ್ಲಿಟ್ಟು ದೂರ ಹೋಗ್ತಿದ್ರಂತೆ, ಪೇಟೆಯೋರು ಬಂದು ದುಡ್ಡಿಟ್ಟು ತಗೊಂಡು ಹೋಗ್ತಿದ್ರಂತೆ. ಹಂಗಾಗಿ ಪ್ಲೇಗ್ ಮಾರ್ಕೆಟ್ ಅನ್ನೋ ಹೆಸರೂ ಇದೆ.

ಪ್ರಶ್ನೆ: ಜೇಸ್ ಗ್ರೇವ್ (ಜೇ ಅನ್ನೋಳ ಸಮಾಧಿ) ಮೇಲೆ ದಿನಾ ಹೂವು ಇಡೋದು ಯಾರು?

ಯಾರು ಬೇಕಾದ್ರೂ. ಪಿಕ್ಸಿಗಳು (ಅಲ್ಲಿನ ಕತೆಗಳ ಪುಟಾಣಿ ಮಾಯಾಜೀವಿಗಳು) ಅಂತಾರೆ, ಆ ದಾರೀಲಿ ನಡೆಯೋರೇ ಇಡೋದು. ಕಿಟ್ಟಿ ಜೇ ಅನ್ನೋ ಅನಾಥ ಹುಡುಗಿ ತೋಟದ ಮನೇಲಿ ಕೆಲಸಕ್ಕಿದ್ದು, ಯಾರೋ ಮೋಸ ಮಾಡಿ, ನೇಣು ಹಾಕ್ಕೊಂಡ್ಳು ಅನ್ನೋದು ಕತೆ. ಆತ್ಮಹತ್ಯೆ ಮಾಡ್ಕೊಂಡೋರನ್ನ ಚರ್ಚ್ ಅಂಗಳದಲ್ಲಿ ಹೂಳ್ತಿರಲಿಲ್ಲ, ದಾರಿ ಕೂಡೋ ಜಾಗದಲ್ಲಿ ಹೂತುಬಿಡೋರು, 1823ರ ಕಾನೂನು ಬಂದಮೇಲೆ ಆ ಪದ್ಧತಿ ನಿಂತಿತು. 1860ರ ಸುಮಾರಿಗೆ ರಸ್ತೆ ಕೆಲಸದೋರಿಗೆ ಇಲ್ಲಿ ಮೂಳೆ ಸಿಕ್ವು, ಜಮೀನಿನ ಮಾಲೀಕರು ಮತ್ತೆ ಅಲ್ಲೇ ಹೂಳಿಸಿ ದಿಬ್ಬ ಕಟ್ಟಿಸಿದ್ರು. ಆಗಿನ ಊರು ಅವಳನ್ನ ಹೊರಗಿಟ್ಟಿತ್ತು, ಈಗ ಹೂವು ತರೋರು ಹೆಚ್ಚಿನೋರು ಹೊರಗಿನೋರೇ.

ಪ್ರಶ್ನೆ: ಪೋಸ್ಟ್‌ಬ್ರಿಡ್ಜ್ ರಸ್ತೇಲಿ ಕೂದಲು ತುಂಬಿದ ಕೈಗಳು ಬಂದು ಸ್ಟೀರಿಂಗ್ ಎಳೀತಾವಂತೆ, ಕಾರಲ್ಲಿ ಹೋಗಬಹುದಾ?

ಹೋಗಿ, ನಿಧಾನಕ್ಕೆ ಹೋಗಿ. ರಸ್ತೆ ಕಿರಿದು, ಮಂಜು ಜಾಸ್ತಿ, ಕುದುರೆ ಕುರಿ ಎಲ್ಲ ರಸ್ತೆ ಮೇಲೇ ನಿಂತಿರ್ತವೆ. ಹಂಗೇ ಅಲ್ಲಿನ ಹಳೇ ಕಲ್ಲುಸೇತುವೆ ಮೇಲೆ ನಡೆದು ನೋಡಿ, ಮಧ್ಯಯುಗದಲ್ಲಿ ತವರ ಹೊತ್ತ ಕುದುರೆಗಳು ದಾಟಲಿ ಅಂತ ಬರೀ ಚಪ್ಪಡಿ ಹಾಸಿ ಮಾಡಿದ್ದು.