ಪಕ್ಕದ ಮನೆಯವರ ಹತ್ತಿರ ಯೇಸುವಿನ ವಿಷಯ ಹೇಗೆ ಮಾತಾಡುವುದು?

ಪಕ್ಕದ ಮನೆಯವರು ಕಾಯಿಲೆಯ ಸಂಕಟ ಹೇಳಿಕೊಂಡಾಗ ಕರಪತ್ರ ಕೊಡಬಹುದೇ ಅಂತ ಕೇಳಿದ್ದೀರಿ. ಬೇಡ. ನೊಂದವರ ಕೈಗೆ ಕಾಗದ ಇಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಮಧ್ಯೆ ಬೈಬಲ್ ವಚನ ತೂರಿಸಬೇಡಿ. ಆಮೇಲೆ "ನಿಮಗೋಸ್ಕರ ಪ್ರಾರ್ಥನೆ ಮಾಡಲಾ?" ಅಂತ ಕೇಳಿ. ಒಪ್ಪಿದರೆ ಅಲ್ಲೇ, ಅವರ ಹೆಸರು ಹಿಡಿದು, ಆಡುಮಾತಿನಲ್ಲೇ, ಅರ್ಧ ನಿಮಿಷದಲ್ಲಿ ಮುಗಿಸಿ. ಆ ನೆಪದಲ್ಲಿ ಉಪದೇಶ ಮಾಡಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. "ಖಂಡಿತ ವಾಸಿಯಾಗುತ್ತದೆ" ಅಂತ ಮಾತು ಕೊಡಬೇಡಿ. ಔಷಧಿ ನಿಲ್ಲಿಸಿ ಅಂತಂತೂ ಹೇಳಲೇಬೇಡಿ. ಬೇಡ ಅಂದರೆ ಬಿಟ್ಟುಬಿಡಿ, ಸ್ನೇಹ ಹಾಗೇ ಇರಲಿ. ಮೂರ್ನಾಲ್ಕು ದಿನ ಬಿಟ್ಟು "ಈಗ ಹೇಗಿದ್ದೀರಿ?" ಅಂತ ವಿಚಾರಿಸಿ. ಬಹಳ ಜನ ಮರೆಯುವುದು ಇದನ್ನೇ, ನನ್ನ ಪ್ರಕಾರ ಮುಖ್ಯವಾದದ್ದೂ ಇದೇ.

ಅವರಾಗಿಯೇ "ನೀವು ಯಾಕೆ ನಂಬುತ್ತೀರಿ?" ಅಂದರೆ ಎರಡು ನಿಮಿಷದ ಉತ್ತರ ಸಿದ್ಧವಿರಲಿ. ಬೈಬಲಿನ 1 ಪೇತ್ರ 3:15 ಹೇಳುವುದೂ ಅಷ್ಟೇ: ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೃದುವಾಗಿ, ಗೌರವದಿಂದ. ಅವರ ನಂಬಿಕೆಯನ್ನು ಹೀಗಳೆಯಬೇಡಿ. ಓದಲು ಏನಾದರೂ ಕೇಳಿದರೆ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಕೊಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.