ಬೇಸ್‌ಮೆಂಟಿನ ಆಯಿಲ್ ಟ್ಯಾಂಕ್: ಮೊದಲ ಚಳಿಗಾಲಕ್ಕೆ ಮುಂಚೆ

ಹೊಸ ಮನೆಗೆ ಶುಭಾಶಯ. ಕನೆಕ್ಟಿಕಟ್‌ನಲ್ಲಿ ಮನೆ ತಗೊಂಡಿದ್ದೀರಿ, ಬೀದಿಗೆ ಗ್ಯಾಸ್ ಲೈನ್ ಇಲ್ಲ, ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಆಯಿಲ್‌ನ ಟ್ಯಾಂಕ್ ಇದೆ. ಎಷ್ಟು ತುಂಬಿಸಬೇಕು, ಯಾವ ಪ್ಲಾನ್ ಒಳ್ಳೆಯದು ಅಂತ ಕೇಳಿದ್ದೀರಿ. ನಾವೂ ಇದೇ ರಾಜ್ಯದವರು. ಹನ್ನೊಂದು ಚಳಿಗಾಲ ಆಯಿಲ್ ಸುಟ್ಟೇ ಕಳೆದಿದ್ದೇವೆ, ಎರಡನೆಯದರಲ್ಲಿ ಪೆಟ್ಟೂ ತಿಂದಿದ್ದೇವೆ.

ಹೆದರಬೇಡಿ, ಆಯಿಲ್ ಹೀಟಿಂಗ್ ಅಂದರೆ ಊರಿನ ಬಚ್ಚಲ ಒಲೆಯ ದೊಡ್ಡಣ್ಣ ಅಷ್ಟೆ. ಸೌದೆ ಬದಲು ಆಯಿಲ್. ಬಾಯ್ಲರ್ ಇದ್ದರೆ ಪೈಪಿನಲ್ಲಿ ಬಿಸಿನೀರು ಓಡುತ್ತದೆ, ಫರ್ನೇಸ್ ಇದ್ದರೆ ಬಿಸಿಗಾಳಿ. ಸ್ನಾನದ ನೀರೂ ಬಾಯ್ಲರ್‌ನಿಂದಲೇ ಬರುತ್ತದಾ ಅಂತ ನೋಡಿಕೊಳ್ಳಿ. ಹಾಗಿದ್ದರೆ ಬೇಸಿಗೆಯಲ್ಲೂ ಆಯಿಲ್ ಇಳಿಯುತ್ತಿರುತ್ತದೆ.

ಆಯಿಲ್ ಅಂದರೆ ಹೆಚ್ಚುಕಡಿಮೆ ಡೀಸೆಲ್ಲೇ. ರಸ್ತೆ ತೆರಿಗೆ ಇಲ್ಲದ್ದು ಅಂತ ಗೊತ್ತಾಗಲಿ ಎಂದು ಕೆಂಪು ಬಣ್ಣ ಹಾಕಿರುತ್ತಾರೆ. ಅದನ್ನು ಗಾಡಿಗೆ ಹಾಕಿದರೆ ಅಪರಾಧ.

ನಿಮ್ಮದು 275 ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಟ್ಯಾಂಕ್ ಅಂದಿರಿ. ಮೇಲೆ ಸ್ವಲ್ಪ ಜಾಗ ಬಿಡಬೇಕಾದ್ದರಿಂದ ಅದಕ್ಕೆ ಹಿಡಿಯುವುದು 250ರ ಆಸುಪಾಸು. ಗೋಡೆಯ ಹೊರಗೆ ಎರಡು ಪೈಪ್ ಕಾಣುತ್ತವೆ. ಒಂದು ತುಂಬಿಸಲು, ಇನ್ನೊಂದು ಗಾಳಿ ಹೋಗಲು. ಆಯಿಲ್ ಬೀಳುವಾಗ ಗಾಳಿ ಪೈಪಿನ ಕಡೆಯಿಂದ ಸಿಳ್ಳೆ ಕೇಳಿಸುತ್ತದೆ. ಕುಕ್ಕರ್‌ಗೆ ಸಿಳ್ಳೆ ಹೊಡೆಯಲಿ ಅಂತ ಕಾಯುತ್ತೇವೆ, ಇಲ್ಲಿ ನಿಲ್ಲಲಿ ಅಂತ ಕಾಯಬೇಕು. ನಿಂತರೆ ತುಂಬಿತು. ಸಿಳ್ಳೆಯೇ ಬರದಿದ್ದರೆ ತುಂಬಿಸಲು ಬಿಡಬೇಡಿ.

ಈಗ ನಮ್ಮ ಕಥೆ. ಜನವರಿ, ಶನಿವಾರ ರಾತ್ರಿ. ಟ್ಯಾಂಕಿನ ಮೇಲಿನ ಗೇಜ್ ಅರ್ಧ ತೋರಿಸುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಮೂಗು ತಣ್ಣಗಾಗಿ ಎಚ್ಚರವಾಯಿತು. ಕೆಳಗೆ ಓಡಿ, ಆಯಿಲ್ ಉರಿಸುವ ಬರ್ನರ್ ಮೇಲಿನ ಕೆಂಪು ರಿಸೆಟ್ ಬಟನ್ ಒತ್ತಿದೆ. ಗುರ್ ಅಂದು ನಿಂತಿತು. ಮತ್ತೆ ಒತ್ತಿದೆ. ಹೀಗೆ ನಾಲ್ಕು ಸಲ. ಆಮೇಲೆ ಬಂದ ಮೆಕ್ಯಾನಿಕ್ ಟ್ಯಾಂಕಿಗೆ ಬೆರಳಲ್ಲಿ ಬಡಿದ. ತಳದವರೆಗೂ ಠಣ್ ಠಣ್! ಗೇಜಿನ ತೇಲುಬುರುಡೆ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. "ಟ್ಯಾಂಕ್ ಖಾಲಿ ಇದ್ದದ್ದು ನಿಮ್ಮ ಅದೃಷ್ಟ" ಅಂದ. ಆಯಿಲ್ ಇದ್ದಿದ್ದರೆ ಒಂದೊಂದು ಸಲ ಒತ್ತಿದಾಗಲೂ ಅದು ಒಳಗೆ ಸುರಿದು, ಕೊನೆಗೆ ಒಮ್ಮೆಲೇ ಹೊತ್ತಿಕೊಂಡು ಮನೆಯೆಲ್ಲ ಮಸಿಯಾಗುತ್ತಿತ್ತಂತೆ. ಹಾಗಾಗಿ ಆ ಬಟನ್ ಒಂದೇ ಸಲ. ಹತ್ತಲಿಲ್ಲವೋ, ಫೋನ್ ಮಾಡಿ.

ಆಯಿಲ್ ಪೂರ್ತಿ ಮುಗಿದರೆ ಲೈನಿಗೆ ಗಾಳಿ ಸೇರುತ್ತದೆ. ಟ್ಯಾಂಕ್ ತುಂಬಿಸಿದರೂ ಆ ಗಾಳಿ ತೆಗೆಯದೆ ಬರ್ನರ್ ಹತ್ತುವುದಿಲ್ಲ. ತೀರಾ ರಾತ್ರಿಯಲ್ಲಿ ಸಿಕ್ಕಿಬಿದ್ದರೆ ಬಂಕಿನಿಂದ ಐದು ಗ್ಯಾಲನ್ ಡೀಸೆಲ್ ತಂದು ಹಾಕಬಹುದು. ಪೆಟ್ರೋಲ್ ಮಾತ್ರ ಎಂದಿಗೂ ಬೇಡ.

ಇನ್ನೊಂದು ಕೆಂಪು: ಬೇಸ್‌ಮೆಂಟ್ ಮೆಟ್ಟಿಲ ಹತ್ತಿರದ ಕೆಂಪು ಸ್ವಿಚ್. ಅದು ಬರ್ನರ್‌ದು. ನಮ್ಮ ಅತ್ತೆ ಊರಿಂದ ಬಂದಾಗ "ಸುಮ್ನೆ ಲೈಟ್ ಉರೀತಿದೆ" ಅಂತ ಆರಿಸಿಬಿಟ್ಟಿದ್ದರು. ಹೀಟ್ ಬರದಿದ್ದರೆ ಮೊದಲು ಅದನ್ನು ನೋಡಿ.

ಪ್ಲಾನ್ ವಿಷಯ. ಆಟೋಮ್ಯಾಟಿಕ್ ಡೆಲಿವರಿಯವರು, ಅಂದರೆ ನೀವು ಕರೆಯದೆ ತಾವೇ ಬಂದು ತುಂಬಿಸುವವರು, ಡಿಗ್ರಿ ಡೇ ಲೆಕ್ಕ ಹಾಕುತ್ತಾರೆ: ದಿನದ ಸರಾಸರಿ 65 ಡಿಗ್ರಿಗಿಂತ ಎಷ್ಟು ಕಡಿಮೆಯೋ ಅಷ್ಟು. ದಿನದ ಸರಾಸರಿ 23 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ 65ರಿಂದ ಕಳೆದು 42. ನಮ್ಮ ಮನೆಗೆ ಆರು ಡಿಗ್ರಿ ಡೇಗೆ ಒಂದು ಗ್ಯಾಲನ್, ಅಂದರೆ ಅಂಥ ದಿನ ಏಳು ಗ್ಯಾಲನ್. ಕಾಲು ಟ್ಯಾಂಕ್ ಒಂಬತ್ತು ದಿನವೂ ಬರುವುದಿಲ್ಲ. ಅದಕ್ಕೇ ಕಾಲಿಗೆ ಇಳಿಯುವ ಮೊದಲೇ ಆರ್ಡರ್ ಮಾಡಿ. ನೀವೇ ಫೋನ್ ಮಾಡಿ ತರಿಸಿಕೊಂಡರೆ ಗ್ಯಾಲನ್‌ಗೆ ಸ್ವಲ್ಪ ಅಗ್ಗ ಬೀಳುತ್ತದೆ, ನಿಜ. ಆದರೆ ಮನೆಯ ಹಸಿವು ಎಷ್ಟು ಅಂತ ಗೊತ್ತಾಗುವ ತನಕ, ಮೊದಲ ವರ್ಷ ಆಟೋಮ್ಯಾಟಿಕ್ಕೇ ಇರಲಿ. ಬೇಸಿಗೆಯಲ್ಲೇ ಪೂರ್ತಿ ದುಡ್ಡು ಕಟ್ಟಿಸಿಕೊಳ್ಳುವ ಪ್ಲಾನ್ ನನಗೆ ಇಷ್ಟವಿಲ್ಲ. ಕಂಪನಿ ಮುಳುಗಿದರೆ ದುಡ್ಡೂ ಮುಳುಗೀತು.

ಸೆಪ್ಟೆಂಬರ್‌ನಲ್ಲಿ ಒಂದು ಸರ್ವಿಸ್ ಮಾಡಿಸಿ. ನಾಝಲ್, ಫಿಲ್ಟರ್ ಬದಲಾಯಿಸಿ ಮಸಿ ತೆಗೆಯಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ ಬೇಕು, ಇದರಲ್ಲಿ ಜಿಪುಣತನ ಬೇಡ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗುತ್ತೀರಿ ಅಲ್ವಾ? ಹೀಟ್ ಪೂರ್ತಿ ಆರಿಸಿ ಹೋಗಬೇಡಿ, ಪೈಪಿನ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು, ಟ್ಯಾಂಕ್ ತುಂಬಿಸಿ, ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ಟ್ಯಾಂಕಿನ ತಳಕ್ಕೆ ಒಣ ಟಿಶ್ಯೂ ಒರೆಸಿ ನೋಡಿ. ಟ್ಯಾಂಕಿನೊಳಗೆ ಸೇರಿದ ನೀರು ತಳದಲ್ಲಿ ನಿಂತು ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಹೊರಗಿನ ಪೇಂಟ್ ನಂಬಬೇಡಿ. ಟಿಶ್ಯೂ ಕೆಂಪಗೆ ಜಿಡ್ಡಾದರೆ ಇಲ್ಲೇ ಫೋಟೋ ಹಾಕಿ, ಆಯಿಲ್ ಆರ್ಡರ್ ಮಾತು ಆಮೇಲೆ ಆಡೋಣ.