ಹೊಸ ಕಾನೂನು ಬಂದ ಮೇಲೆ ಫಿಲಿಪ್ಪೀನ್ಸ್‌ನ ಹೆಂಡತಿಯನ್ನು ಬದಿಯಡ್ಕಕ್ಕೆ ಕರೆತರಬಹುದೇ?

ನೀವು ಕೇಳಿದ್ದು ಇಷ್ಟು ಅಲ್ವಾ: ಕೆಲಸ ಅಬುಧಾಬಿಯಲ್ಲಿ, ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಹೆಂಡತಿ ಫಿಲಿಪ್ಪೀನ್ಸ್‌ನವರು, ಮುಂದಿನ ವರ್ಷ ಊರಿಗೇ ಬಂದುಬಿಡಬೇಕು, ಆದರೆ ವಿದೇಶಿಯರಿಗೆ ಹೊಸ ಕಾನೂನು ಬಂದಿದೆಯಂತೆ, ಅವರನ್ನು ಇಲ್ಲಿರಲು ಬಿಡುತ್ತಾರಾ. ಬಿಡುತ್ತಾರೆ. ನನ್ನ ಹೆಂಡತಿಯೂ ಫಿಲಿಪ್ಪೀನ್ಸ್‌ನವಳೇ. 2022ರಲ್ಲಿ ಅಬುಧಾಬಿಯ ಸಿವಿಲ್ ಕೋರ್ಟಿನಲ್ಲಿ ಮದುವೆಯಾದೆವು, 2023ರಿಂದ ಪೆರ್ಲದ ಹತ್ತಿರ ಇದ್ದೇವೆ.

ಮೊದಲು ಆ ಕಾನೂನಿನ ಮಾತು. ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆಗಳು ಹೋದವು. ಭಾರತೀಯರನ್ನು ಮದುವೆಯಾದವರಿಗೆ ಕೊಡುವ ಎಂಟ್ರಿ ವೀಸಾ ಹೋಗಿಲ್ಲ, ಅದಕ್ಕೆ ಎಕ್ಸ್-2 ಅನ್ನುತ್ತಾರೆ. ಆದರೆ ದಿನ ತಪ್ಪಿದರೆ ಕಷ್ಟ. ವೀಸಾ ಮುಗಿದ ಮೇಲೂ ಉಳಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 3 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಹಾಗಾಗಿ ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬರಲಿ, ಆಮೇಲೆ ನೋಡೋಣ ಅನ್ನುವ ಯೋಚನೆ ಬೇಡ. ಅಲ್ಲಿಂದಲೇ ಎಂಟ್ರಿ ವೀಸಾ ಮಾಡಿಸಿಕೊಂಡು ಬನ್ನಿ.

ನಮ್ಮನ್ನು ಸುಸ್ತು ಮಾಡಿದ್ದು ಕಾನೂನಲ್ಲ, ಹೆಸರು. ಫಿಲಿಪ್ಪೀನ್ಸ್‌ನಲ್ಲಿ ತಾಯಿಯ ತವರಿನ ಮನೆತನದ ಹೆಸರು ಮಕ್ಕಳ ಹೆಸರಿನ ನಡುವೆ ಬರುತ್ತದೆ. ಅವಳ ಪಾಸ್‌ಪೋರ್ಟಿನಲ್ಲಿ ಅದು ಇತ್ತು, ಮದುವೆ ಸರ್ಟಿಫಿಕೇಟಿನಲ್ಲಿ ಬಿಟ್ಟುಹೋಗಿತ್ತು. ನಾವು ಗಮನಿಸಲೇ ಇಲ್ಲ. ಯುಎಇಯ ವಿದೇಶಾಂಗ ಇಲಾಖೆಯ ಮುದ್ರೆ, ಆಮೇಲೆ ನಮ್ಮ ಎಂಬೆಸಿಯ ಅಟೆಸ್ಟೇಶನ್, ಎಲ್ಲ ಮುಗಿಸಿ ವೀಸಾಗೆ ಅರ್ಜಿ ಹಾಕಿದ ಮೇಲೆ, ಪಾಸ್‌ಪೋರ್ಟಿನವಳೂ ಸರ್ಟಿಫಿಕೇಟಿನವಳೂ ಒಂದೇ ವ್ಯಕ್ತಿ ಎಂದು ಹೇಗೆ ನಂಬುವುದು ಎಂದು ಕೇಳಿದರು. ಸರ್ಟಿಫಿಕೇಟ್ ತಿದ್ದಿಸಿ ಮತ್ತೆ ಮುದ್ರೆ ಹಾಕಿಸುವಷ್ಟರಲ್ಲಿ ಮೂರು ತಿಂಗಳು ಹೋಯಿತು. ಊರಲ್ಲಿ ಅಮ್ಮ ದಿನಾ ಫೋನ್ ಮಾಡಿ ಯಾವಾಗ ಬರ್ತೀರಿ ಎಂದು ಕೇಳುವಾಗ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಅರ್ಜಿ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಓ ಸೈಟಿನಲ್ಲಿ. ವಿಮಾನ ಇಳಿದದ್ದು ಮಂಗಳೂರಿನಲ್ಲಿ, ಅದೇ ಹತ್ತಿರ ಎಂದು ನಾನು ಅಲ್ಲಿನ ನೋಂದಣಿ ಕಚೇರಿಗೆ ಓಡಿದ್ದೆ. ನಮ್ಮ ವಿಳಾಸ ಕೇರಳದ್ದು, ಅಲ್ಲಿ ಆಗುವುದಿಲ್ಲ. ಮನೆಯಲ್ಲಿ ವಿದೇಶಿ ಉಳಿದರೆ 24 ಗಂಟೆಯೊಳಗೆ ತಿಳಿಸುವ ಕೆಲಸವೂ ಇದೆ, ಫಾರ್ಮ್ ಸಿ ಎಂದೇ ಎಲ್ಲರ ಬಾಯಲ್ಲಿ. ವಿಚಾರಣೆಗೆ ಪೊಲೀಸರು ಮನೆಗೆ ಬರುತ್ತಾರೆ. ಅಮ್ಮನಿಗೆ, ಹೆಂಡತಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ, ಜೀಪು ಅಂಗಳಕ್ಕೆ ಬಂದಾಗ ಅವಳು ಅಡುಗೆಮನೆಯಲ್ಲಿ ನಡುಗುತ್ತಾ ನಿಂತಿದ್ದಳು. ಅವತ್ತಿನ ಅವಳ ಮುಖ ಇನ್ನೂ ಮರೆತಿಲ್ಲ. ಬಂದವರು ಮಲೆಯಾಳದಲ್ಲಿ ನಾಲ್ಕು ಪ್ರಶ್ನೆ ಕೇಳಿ, ಚಹಾ ಕುಡಿದು ಹೋದರು, ಅಷ್ಟೆ.

ಮದುವೆ ನೋಂದಣಿಯಾಗಿ, ಸಂಸಾರ ಬಿಡದೆ 2 ವರ್ಷ ನಡೆದಿದ್ದರೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಬರೀ ಚರ್ಚಿನಲ್ಲೋ ದೇವಸ್ಥಾನದಲ್ಲೋ ಮದುವೆಯಾಗಿ ನೋಂದಣಿ ಬಾಕಿ ಇಟ್ಟಿದ್ದರೆ ಇವತ್ತೇ ಅದರ ಹಿಂದೆ ಬೀಳಿ. ಕಾರ್ಡ್ ಸಿಕ್ಕ ಮೇಲೆ ವೀಸಾ, ನೋಂದಣಿಯ ಓಡಾಟ ಇಲ್ಲ. ಆದರೆ ಕಾರ್ಡ್ ಇದ್ದರೂ ಕೃಷಿ ಜಾಗ, ತೋಟ ಅವರ ಹೆಸರಲ್ಲಿ ಕೊಳ್ಳಲು ಆಗುವುದಿಲ್ಲ, ನಮ್ಮ ಕಡೆ ಅಡಿಕೆ ತೋಟ ಬಿಟ್ಟರೆ ಬೇರೆ ಆಸ್ತಿ ಏನಿದೆ ಹೇಳಿ. ಮದುವೆ ಮುರಿದರೆ ಕಾರ್ಡನ್ನೂ ರದ್ದು ಮಾಡಬಹುದು. ಇದನ್ನು ಅವರಿಂದ ಮುಚ್ಚಿಡಬೇಡಿ. ತನ್ನವರನ್ನೆಲ್ಲ ಬಿಟ್ಟು ನಿಮ್ಮ ಜೊತೆ ಬರುವವರು ಅವರು, ಎಲ್ಲ ಗೊತ್ತಿದ್ದೇ ಬರಬೇಕು.

ಪೌರತ್ವದ ಅರ್ಜಿಗೆ 7 ವರ್ಷ ಇಲ್ಲಿ ವಾಸ ಆಗಬೇಕು, ಅದು ದೂರದ ಮಾತು. ಇವತ್ತು ರಾತ್ರಿ ಅವರ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಎರಡನ್ನೂ ಪಕ್ಕ ಪಕ್ಕ ಇಟ್ಟು ಹೆಸರನ್ನು ಒಂದೊಂದೇ ಅಕ್ಷರ ಓದಿ ನೋಡಿ. ಎಲ್ಲಾದರೂ ತಪ್ಪಿದ್ದರೆ ಅಲ್ಲಿರುವಾಗಲೇ ತಿದ್ದಿಸಿಕೊಳ್ಳಿ.